ಅಚ್ಚು ತಪ್ಪಿದ ಚೀಟಿ

ಅಂಚೆಚೀಟಿ ಕೂಡಿಡುತ್ತೇನೆ ಅಂತ ಗೊತ್ತಾದ ಕೂಡಲೇ ಕೆಲವರು ಫೋಟೊ ಕಳಿಸುತ್ತಾರೆ. "ನೋಡಿ, ಇದರಲ್ಲಿ ಬಣ್ಣ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಅಂಚಿನ ತೂತುಗಳು ಚಿತ್ರದ ಮೇಲೇ ಬಿದ್ದಿವೆ. ಇದಕ್ಕೆ ಎಷ್ಟು ಸಿಗಬಹುದು?" ನನ್ನ ಉತ್ತರ ಅವರಿಗೆ ಇಷ್ಟ ಆಗುವುದು ಕಡಿಮೆ. ಚೆನ್ನಾಗಿದೆ, ಜೋಪಾನವಾಗಿ ಇಟ್ಟುಕೊಳ್ಳಿ, ಆದರೆ ಅದನ್ನು ಮಾರಿ ಶ್ರೀಮಂತರಾಗುವ ಆಸೆ ಬೇಡ ಅನ್ನುತ್ತೇನೆ. ಆಮೇಲೆ ನನ್ನ ಕಡೆಯಿಂದ ಮೂರು ಪ್ರಶ್ನೆ ಕೇಳುತ್ತೇನೆ. ಹತ್ತಾರು ಚೀಟಿ ಒಟ್ಟಿಗೆ ಅಚ್ಚಾಗುವ ದೊಡ್ಡ ಹಾಳೆಯಲ್ಲಿ ಇದು ಯಾವ ಜಾಗದಲ್ಲಿತ್ತು? ಪಕ್ಕದ ಚೀಟಿ ಹೇಗಿತ್ತು? ಇನ್ನೊಂದು ಹಾಳೆಯಲ್ಲೂ ಅದೇ ಜಾಗದಲ್ಲಿ ಇದೇ ತಪ್ಪು ಇದೆಯಾ?

ಇಷ್ಟು ಕೇಳಿದ ಮೇಲೆ ಹೆಚ್ಚಿನವರು ಮತ್ತೆ ಮೆಸೇಜ್ ಮಾಡುವುದಿಲ್ಲ. ಆದರೆ ಈ ಹವ್ಯಾಸದ ರುಚಿಯೆಲ್ಲ ಇರುವುದು ಆ ಮೂರನೇ ಪ್ರಶ್ನೆಯಲ್ಲೇ ಅಂತ ನನ್ನ ಅಭಿಪ್ರಾಯ. ಒಮ್ಮೆ ಮಾತ್ರ ಆದ ತಪ್ಪನ್ನು ನೋಡಿ ಆಶ್ಚರ್ಯಪಡಬಹುದು, ಅಷ್ಟೇ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ತಪ್ಪಾದರೆ, ಅದನ್ನು ಹಿಡಿದುಕೊಂಡು ಅಚ್ಚಿನ ಮನೆಯೊಳಗೇ ಹೋಗಿ ಬರಬಹುದು.

ಸಂಗ್ರಾಹಕರು ಇವನ್ನೆಲ್ಲ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಬಣ್ಣವೇ ಬಿಟ್ಟುಹೋಗಿದ್ದರೆ, ಚಿತ್ರ ತಲೆಕೆಳಗಾಗಿದ್ದರೆ, ತೂತು ಹಾಕುವುದನ್ನೇ ಮರೆತಿದ್ದರೆ ಅದು ಎರರ್. ಬಣ್ಣ ಅಥವಾ ತೂತು ಅತ್ತಿತ್ತ ಸರಿದಿದ್ದರೆ, ಕಾಗದ ಮಡಚಿ ಅಚ್ಚಾಗಿದ್ದರೆ, ಶಾಯಿ ಚೆಲ್ಲಿದ್ದರೆ ಫ್ರೀಕ್. ಅಚ್ಚು ಹಾಕುವ ಪ್ಲೇಟಿನಲ್ಲೇ ಕೂತಿರುವ ಸಣ್ಣ ಗೀರು, ಚುಕ್ಕೆ, ಜೋಡಿ ಗೆರೆ ವೆರೈಟಿ. ಎರರ್‌ಗೆ ದುಡ್ಡು ಜಾಸ್ತಿ, ಫ್ರೀಕ್‌ಗೆ ನಗು ಜಾಸ್ತಿ. ವೆರೈಟಿ ಕಣ್ಣಿಗೆ ಕೆಲಸ ಕೊಡುತ್ತದೆ.

ಎರರ್‌ಗೂ ಫ್ರೀಕ್‌ಗೂ ನಡುವಿನ ಗೆರೆ ಎಷ್ಟು ತೆಳು ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಚೀಟಿಯನ್ನೇ ತೆಗೆದುಕೊಳ್ಳೋಣ. 1918ರ ಮೇ ತಿಂಗಳಲ್ಲಿ ಅಮೆರಿಕ ತನ್ನ ಮೊದಲ ವಿಮಾನ ಅಂಚೆಗಾಗಿ 24 ಸೆಂಟಿನ ಚೀಟಿ ತಂದಿತು. ಸುತ್ತ ಕೆಂಪು ಚೌಕಟ್ಟು, ನಡುವೆ ನೀಲಿ ಕರ್ಟಿಸ್ ಜೆನ್ನಿ ವಿಮಾನ. ಎರಡು ಬಣ್ಣ ಅಂದರೆ ಎರಡು ಪ್ಲೇಟು. ಒಂದೊಂದು ಹಾಳೆಯನ್ನೂ ಕೈಯಲ್ಲಿ ಹಿಡಿದು ಎರಡು ಸಲ ಯಂತ್ರಕ್ಕೆ ಕೊಡಬೇಕು. ಮೇ 14ರಂದು ವಾಷಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ವಿಲಿಯಂ ರೋಬಿ ಅನ್ನುವ ಸಂಗ್ರಾಹಕ 24 ಡಾಲರ್ ಕೊಟ್ಟು ನೂರು ಚೀಟಿಗಳ ಒಂದು ಹಾಳೆ ಕೊಂಡ. ನೂರರಲ್ಲೂ ವಿಮಾನ ತಲೆಕೆಳಗು. ಕೆಲವೇ ದಿನಗಳಲ್ಲಿ ಅವನು ಅದನ್ನು 15,000 ಡಾಲರ್‌ಗೆ ಯೂಜೀನ್ ಕ್ಲೈನ್ ಅನ್ನುವ ವ್ಯಾಪಾರಿಗೆ ಮಾರಿದ. ಕ್ಲೈನ್ 20,000 ಡಾಲರ್‌ಗೆ ಕರ್ನಲ್ ಗ್ರೀನ್ ಅನ್ನುವ ಸಿರಿವಂತನಿಗೆ ದಾಟಿಸಿದ. ಅದರಲ್ಲಿನ ಒಂದೇ ಒಂದು ಚೀಟಿ 2023ರಲ್ಲಿ 20 ಲಕ್ಷ ಡಾಲರ್ ದಾಟಿತು.

ಇದು ಎಲ್ಲರೂ ಹೇಳುವ ಕತೆ. ಅಷ್ಟಾಗಿ ಯಾರೂ ಹೇಳದ ಭಾಗ ನನಗೆ ಹೆಚ್ಚು ಇಷ್ಟ. ಹಾಳೆಯನ್ನು ಕೈಯಲ್ಲಿ ಕೊಡುತ್ತಿದ್ದರಲ್ಲ, ಹಾಗಾಗಿ ನೆಟ್ಟಗಿರುವ ಚೀಟಿಗಳಲ್ಲೂ ವಿಮಾನ ಒಂದೇ ಕಡೆ ನಿಂತಿಲ್ಲ. ಚೌಕಟ್ಟಿನೊಳಗೆ ಸ್ವಲ್ಪ ಮುಂದಕ್ಕೆ ಹೋಗಿದ್ದರೆ ಅದನ್ನು 'ಫಾಸ್ಟ್ ಪ್ಲೇನ್' ಅನ್ನುತ್ತಾರೆ, ಹಿಂದೆ ಉಳಿದಿದ್ದರೆ 'ಸ್ಲೋ ಪ್ಲೇನ್'. ಕೆಳಗೆ ಇಳಿದು ಅಕ್ಷರಗಳಿಗೇ ತಾಗಿದ್ದರೆ 'ಗ್ರೌಂಡೆಡ್ ಪ್ಲೇನ್'. ಹಾಳೆ ಕೊಡುವವನ ಕೈ ಕೂದಲೆಳೆಯಷ್ಟು ಸರಿದರೆ ಫ್ರೀಕ್. ಹಾಳೆಯೋ ಪ್ಲೇಟೋ ಪೂರ್ತಿ ತಿರುಗಿದರೆ 20 ಲಕ್ಷ ಡಾಲರ್. ಆಗಿರುವುದು ಒಂದೇ ಜಾತಿಯ ಕೈತಪ್ಪು, ಅಲ್ವಾ? ಈ ಗಲಾಟೆ ಆದ ಮೇಲೆ ಪ್ಲೇಟುಗಳ ಮೇಲೆ 'ಟಾಪ್' ಅಂತ ಕೆತ್ತಲು ಶುರು ಮಾಡಿದರು, ಮೇಲು ಯಾವುದು ಅಂತ ಗೊತ್ತಾಗಲಿ ಅಂತ.

ಕರ್ನಲ್ ಗ್ರೀನ್ ಆ ಹಾಳೆಯನ್ನು ಬಿಡಿ ಬಿಡಿ ಮಾಡುವ ಮೊದಲು ಕ್ಲೈನ್ ಒಂದು ಜಾಣತನದ ಕೆಲಸ ಮಾಡಿದ. ಪ್ರತಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಅದರ ಜಾಗದ ನಂಬರ್ ಬರೆದ. ಆಗ ಅದು ಸುಮ್ನೆ ಒಂದು ಶಿಸ್ತು ಅನ್ನಿಸಿರಬಹುದು. 1955ರಲ್ಲಿ ವರ್ಜೀನಿಯಾದ ನಾರ್ಫಕ್‌ನಲ್ಲಿ ನಡೆದ ಪ್ರದರ್ಶನದಿಂದ ಎಥೆಲ್ ಮೆಕಾಯ್ ಅನ್ನುವ ಸಂಗ್ರಾಹಕಿಯ ಬಳಿಯಿದ್ದ, ಇದೇ ಹಾಳೆಯ ನಾಲ್ಕು ಚೀಟಿಗಳ ತುಂಡು ಕಳುವಾಯಿತು. ಕಳ್ಳರು ನಾಲ್ಕನ್ನೂ ಬಿಡಿ ಮಾಡಿ ಗುರುತು ಅಳಿಸಲು ನೋಡಿದರು. ಆದರೂ ಹಳೆ ಫೋಟೊಗಳನ್ನು ಪಕ್ಕದಲ್ಲಿಟ್ಟು, ಚಿತ್ರ ಮತ್ತು ತೂತುಗಳ ನಡುವಿನ ಅಂತರ ನೋಡಿ, ಮೂರನ್ನು ಒಂದೊಂದಾಗಿ ಪತ್ತೆ ಮಾಡಿದರು. ಮೂರನೆಯದು ಸಿಕ್ಕಿದ್ದು 2016ರಲ್ಲಿ. ಹಾಳೆಯಲ್ಲಿನ ಜಾಗವೇ ಚೀಟಿಯ ಗುರುತಿನ ಚೀಟಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಜೆನ್ನಿಗಿಂತ ಅರವತ್ತನಾಲ್ಕು ವರ್ಷ ಮೊದಲೇ ಇದೇ ತಪ್ಪು ಭಾರತದ ಚೀಟಿಯಲ್ಲಿ ಆಗಿತ್ತು. 1854ರ ನಾಲ್ಕಾಣೆ ಚೀಟಿ. ಕೆಂಪು ಚೌಕಟ್ಟು, ನೀಲಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಕಲ್ಕತ್ತೆಯ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಉಸ್ತುವಾರಿಯಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದದ್ದು. ನಕ್ಷೆ ಅಚ್ಚು ಮಾಡುವ ಜನ ಅವರು, ಚೀಟಿ ಅವರಿಗೆ ಹೊಸದು. ಎರಡು ಬಣ್ಣಕ್ಕೆ ಎರಡು ಸಲ ಅಚ್ಚು ಹಾಕುವಾಗ ರಾಣಿ ತಲೆಕೆಳಗಾದಳು. ಈಗ ಉಳಿದಿರುವುದು ಮೂವತ್ತರ ಆಸುಪಾಸು, ಎಲ್ಲವೂ ಬಳಸಿದವು. ಅಂದರೆ ಕೊಂಡವರು ಆರಾಮಾಗಿ ಅಂಟಿಸಿ ಕಾಗದ ಹಾಕಿದ್ದಾರೆ. ಸಂಗ್ರಾಹಕರ ಗಮನಕ್ಕೆ ಅದು ಬಂದದ್ದು ಎಷ್ಟೋ ವರ್ಷಗಳ ಮೇಲೆ. 1918ರ ರೋಬಿ ತಲೆಕೆಳಗಾದ ಚೀಟಿ ಸಿಗಬಹುದು ಅಂತ ಕಾಯುತ್ತಲೇ ಕೌಂಟರಿಗೆ ಹೋಗಿದ್ದ. 1854ರಲ್ಲಿ ಹಾಗೆ ಕಾಯುವವರೇ ಇರಲಿಲ್ಲ.

ಬಣ್ಣವೇ ಅದಲುಬದಲಾದ ಕತೆಗಳೂ ಇವೆ. ಅವುಗಳಲ್ಲಿ ಕಾರಣ ಇನ್ನೂ ಸ್ಪಷ್ಟ. ದಕ್ಷಿಣ ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್‌ನ ತ್ರಿಕೋನ ಚೀಟಿಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1861ರಲ್ಲಿ ದಾಸ್ತಾನು ಮುಗಿಯುತ್ತಾ ಬಂದು ಕೇಪ್‌ಟೌನಿನಲ್ಲೇ ತುರ್ತಾಗಿ ಅಚ್ಚು ಮಾಡಿಸಿದರು. ಬಿಡಿ ಬಿಡಿ ಅಚ್ಚುಗಳನ್ನು ಸಾಲಾಗಿ ಜೋಡಿಸಿ ಪ್ಲೇಟು ಮಾಡುವಾಗ, ಒಂದು ಪೆನ್ನಿ ಪ್ಲೇಟಿನೊಳಗೆ ನಾಲ್ಕು ಪೆನ್ನಿಯ ಒಂದು ಅಚ್ಚು ಸೇರಿತು. ನಾಲ್ಕರದ್ದರೊಳಗೆ ಒಂದರದ್ದು ಸೇರಿತು. ಕೆಂಪಾಗಬೇಕಿದ್ದದ್ದು ನೀಲಿ, ನೀಲಿಯಾಗಬೇಕಿದ್ದದ್ದು ಕೆಂಪು. ಇಲ್ಲಿ ನನ್ನ ಮೂರನೇ ಪ್ರಶ್ನೆಗೆ ಚೆಂದದ ಉತ್ತರ ಸಿಗುತ್ತದೆ. ಆ ಅಚ್ಚನ್ನು ತೆಗೆಯುವ ತನಕ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಜರ್ಮನಿಯ ಬಾಡೆನ್ ರಾಜ್ಯದಲ್ಲಿ 1851ರಲ್ಲಿ ಶಾಯಿ ಸರಿಯಾಗಿತ್ತು, ಕಾಗದ ಬದಲಾಗಿತ್ತು. ಆರು ಕ್ರೂಟ್ಸರ್‌ಗೆ ಇಟ್ಟಿದ್ದ ಹಸಿರು ಕಾಗದದ ಮೇಲೆ ಒಂಬತ್ತು ಕ್ರೂಟ್ಸರ್ ಅಚ್ಚಾಯಿತು.

ಸ್ವೀಡನ್ನಿನ 1855ರ ಹಳದಿ ಮೂರು ಸ್ಕಿಲ್ಲಿಂಗ್ ಚೀಟಿಯದ್ದು ಮಾತ್ರ ತೊಡಕಿನ ವಿಷಯ. ಮೂರರ ಚೀಟಿ ನೀಲಿಹಸಿರು ಇರಬೇಕಿತ್ತು. ಎಂಟರ ಚೀಟಿಯ ಹಳದಿ ಬಣ್ಣದಲ್ಲಿ ಬಂದಿದೆ. 1880ರ ದಶಕದಲ್ಲಿ ಒಬ್ಬ ಶಾಲಾ ಹುಡುಗನಿಗೆ ಮನೆಯ ಹಳೆ ಕಾಗದಗಳಲ್ಲಿ ಸಿಕ್ಕಿತು. ಅವನು ಏಳು ಕ್ರೋನರ್‌ಗೆ ಮಾರಿದ. 1996ರಲ್ಲಿ ಅದು ಆವರೆಗೆ ಒಂದು ಚೀಟಿಗೆ ಬಂದ ಅತಿ ಹೆಚ್ಚು ಬೆಲೆಗೆ ಹೋಯಿತು. ಎಂಟರ ಪ್ಲೇಟಿನೊಳಗೆ ಮೂರರ ಒಂದು ಅಚ್ಚು ಸೇರಿರಬೇಕು ಅನ್ನುವ ವಿವರಣೆ ಒಪ್ಪುವಂಥದ್ದೇ. ಆದರೆ ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ. ಹೋಲಿಸಲು ಇನ್ನೊಂದಿಲ್ಲ. 1970ರ ದಶಕದಲ್ಲಿ ಸ್ವೀಡನ್ನಿನ ಅಂಚೆ ಮ್ಯೂಸಿಯಮ್ಮೇ ಇದು ನಕಲಿ ಅಂದಿತ್ತು. ಮುಂದೆ ಮತ್ತೆ ಪರೀಕ್ಷೆ ಮಾಡಿದಾಗ ಅಸಲಿ ಅಂತಾಯಿತು. ಅಷ್ಟು ಬೆಲೆಯ ಚೀಟಿ ನನ್ನದಾಗಿದ್ದರೆ ನನಗಂತೂ ನಿದ್ದೆ ಬರುತ್ತಿರಲಿಲ್ಲ.

ಇನ್ನು ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಲಕ್ಷ ಡಾಲರ್‌ಗಳಿಲ್ಲ. ಸ್ವಲ್ಪ ತಾಳ್ಮೆ ಬೇಕು.

1840ರಲ್ಲಿ ಬ್ರಿಟನ್ನಿನಲ್ಲಿ ಬಂದ, ಜಗತ್ತಿನ ಮೊಟ್ಟಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್. ಒಂದು ಹಾಳೆಯಲ್ಲಿ 240 ಚೀಟಿ. ಇಪ್ಪತ್ತು ಸಾಲು, ಸಾಲಿಗೆ ಹನ್ನೆರಡು. ಮೊದಲು ಉಕ್ಕಿನ ತುಂಡಿನ ಮೇಲೆ ಒಂದೇ ಒಂದು ರಾಣಿಯ ಚಿತ್ರ ಕೆತ್ತಿದರು. ಅದನ್ನು ಮೆತ್ತಗಿನ ಉಕ್ಕಿನ ರೋಲರ್ ಮೇಲೆ ಒತ್ತಿ ತೆಗೆದರು. ರೋಲರನ್ನು ಗಟ್ಟಿ ಮಾಡಿ, ಪ್ಲೇಟಿನ ಮೇಲೆ 240 ಸಲ ಹಿಂದೆ ಮುಂದೆ ಆಡಿಸಿ ಒತ್ತಿದರು. ಎಲ್ಲೋ ಒಂದು ಜಾಗದಲ್ಲಿ ಸರಿಯಾಗಿ ಒತ್ತದಿದ್ದರೆ ಅದನ್ನು ಉಜ್ಜಿ ತೆಗೆದು ಮತ್ತೆ ಒತ್ತುವುದು. ಹಳೇ ಗೆರೆ ಪೂರ್ತಿ ಹೋಗದಿದ್ದರೆ ಹೊಸದರ ಪಕ್ಕ ನೆರಳಿನ ಹಾಗೆ ಉಳಿಯುತ್ತದೆ. ಅದನ್ನೇ ರೀ ಎಂಟ್ರಿ ಅನ್ನುವುದು. ಅಕ್ಷರದ ಬದಿಯಲ್ಲಿ, ಚೌಕಟ್ಟಿನ ಗೆರೆಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಜೋಡಿ ಗೆರೆ.

ಈ ಚೀಟಿಯ ಕೆಳಗಿನ ಎರಡು ಮೂಲೆಯಲ್ಲಿ ಎರಡು ಅಕ್ಷರ ಇದೆ. ಎಡಗಡೆಯದ್ದು ಸಾಲು, ಬಲಗಡೆಯದ್ದು ಆ ಸಾಲಿನಲ್ಲಿ ಎಷ್ಟನೆಯದು. ಮೊದಲ ಸಾಲಿನ ಮೊದಲನೆಯದು ಎ ಎ. ಕೊನೆಯ ಸಾಲಿನ ಕೊನೆಯದು ಟಿ ಎಲ್. ನಕಲಿ ಮಾಡುವವರಿಗೆ ಕಷ್ಟವಾಗಲಿ ಅಂತ ಇಟ್ಟ ಅಕ್ಷರಗಳು ನಮಗೆ ದೊಡ್ಡ ವರ. ಚೀಟಿ ಒಂಟಿಯಾಗಿ ಸಿಕ್ಕರೂ ಹಾಳೆಯಲ್ಲಿ ಎಲ್ಲಿತ್ತು ಅಂತ ತಾನೇ ಹೇಳುತ್ತದೆ. ಇನ್ನು ತಮಾಷೆ ಅಂದರೆ, ಆ ಅಕ್ಷರಗಳನ್ನು ರೋಲರ್ ಒತ್ತಿದ್ದಲ್ಲ. ಒಬ್ಬ ಮನುಷ್ಯ ಕೂತು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಪ್ಲೇಟಿಗೆ 480 ಹೊಡೆತ. ಹಾಗಾಗಿ ಒಂದು ಪ್ಲೇಟಿನಲ್ಲಿ ಅಕ್ಷರ ಎಡಕ್ಕೆ ವಾಲಿರುತ್ತದೆ. ಇನ್ನೊಂದರಲ್ಲಿ ಮೇಲಕ್ಕೆ ಹತ್ತಿರುತ್ತದೆ. ಕೆಲವು ಕಡೆ ಎರಡು ಸಲ ಹೊಡೆದು ಅಕ್ಷರ ದಪ್ಪಗಾಗಿದೆ. ಅಕ್ಷರ ಎಲ್ಲಿ ಕೂತಿದೆ ಅಂತ ಅಳೆದೇ ಇದು ಯಾವ ಪ್ಲೇಟಿನದು ಅಂತ ಹೇಳಬಹುದು. ಮುಂದೆ 1841ರಲ್ಲಿ ಬಣ್ಣ ಕೆಂಪಾಯಿತು. ಆ ಪೆನ್ನಿ ರೆಡ್‌ನ 77ನೇ ಪ್ಲೇಟಿನಲ್ಲಿ, ಎರಡನೇ ಸಾಲಿನ ಮೊದಲ ಚೀಟಿಗೆ, ಬಲ ಮೂಲೆಯ ಅಕ್ಷರ ಹೊಡೆಯುವುದನ್ನೇ ಮರೆತರು. ಬಿ ಇದೆ, ಪಕ್ಕದ ಎ ಜಾಗ ಖಾಲಿ. ಊಟಕ್ಕೆ ಹೊತ್ತಾಯಿತು ಅಂತ ಎದ್ದನೋ, ಯಾರಾದರೂ ಮಾತಿಗೆ ಎಳೆದರೋ, ಯಾರಿಗೆ ಗೊತ್ತು. ಆ ಹೆಸರಿಲ್ಲದ ಕೆಲಸಗಾರನ ಒಂದು ಕ್ಷಣ ಹಾಳೆ ಹಾಳೆಯಲ್ಲೂ ಅಚ್ಚಾಗಿ ಹೋಯಿತು.

ಇಂಥ ಗುರುತುಗಳನ್ನೇ ಹಿಡಿದು, ಬಿಡಿ ಚೀಟಿಗಳಿಂದ ಪೂರ್ತಿ ಹಾಳೆಯನ್ನು ಮತ್ತೆ ಕಟ್ಟುವುದಕ್ಕೆ ಪ್ಲೇಟಿಂಗ್ ಅನ್ನುತ್ತಾರೆ. ಮೂಲೆ ಅಕ್ಷರ ಇಲ್ಲದ ಚೀಟಿಗಳಲ್ಲಿ ಇದು ವರ್ಷಗಟ್ಟಲೆ ಹಿಡಿಯುವ ಕೆಲಸ. ಇಲ್ಲೊಂದು ಚುಕ್ಕೆ, ಅಲ್ಲೊಂದು ಮುರಿದ ಗೆರೆ. ಪಕ್ಕದ ಚೀಟಿಯ ಜೊತೆ ಅಂಟಿಕೊಂಡ ಜೋಡಿ ಸಿಕ್ಕರೆ ಹಬ್ಬ. ಅದರಿಂದ ಎರಡು ಜಾಗ ಒಟ್ಟಿಗೇ ಗಟ್ಟಿಯಾಗುತ್ತವೆ.

ಹೊಸ ಕಾಲದ ಗ್ರಾವ್ಯೂರ್ ಮುದ್ರಣದಲ್ಲಿ ಆಟವೇ ಬೇರೆ. ಇಲ್ಲಿ ತಾಮ್ರದ ಸಿಲಿಂಡರ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ಶಾಯಿ ಅವುಗಳಲ್ಲಿ ತುಂಬಿ, ಮೇಲಿನದ್ದನ್ನು ಡಾಕ್ಟರ್ ಬ್ಲೇಡ್ ಅನ್ನುವ ಉಕ್ಕಿನ ಪಟ್ಟಿ ಒರೆಸಿ ತೆಗೆಯುತ್ತದೆ. ಪಟ್ಟಿಯ ಕೆಳಗೆ ಧೂಳಿನ ಕಣ ಸಿಕ್ಕಿಕೊಂಡರೆ ಒಂದು ಉದ್ದ ಗೀಟು ಚೀಟಿಯಿಂದ ಚೀಟಿಗೆ ಓಡುತ್ತದೆ. ನೋಡಲು ಜೋರಾಗಿರುತ್ತದೆ, ಆದರೆ ಕಣ ಹೋದರೆ ಗೀಟೂ ಹೋಯಿತು. ಅದೇ ಸಿಲಿಂಡರಿಗೇ ಗೀರು ಬಿದ್ದಿದ್ದರೆ, ಎಷ್ಟೇ ಸಣ್ಣದಿರಲಿ, ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಬರುತ್ತದೆ. ಮಾರುವವರು ಮೊದಲನೆಯದಕ್ಕೆ 'ಅಪರೂಪ' ಅಂತ ಹಣೆಪಟ್ಟಿ ಅಂಟಿಸುತ್ತಾರೆ. ಆದರೆ ನಾನು ಹುಡುಕುವುದು ಎರಡನೆಯದನ್ನು. ಆಫ್‌ಸೆಟ್ ಮುದ್ರಣದಲ್ಲಿ ಇವೆರಡರ ನಡುವಿನದೊಂದು ಇದೆ. ಪ್ಲೇಟಿನ ಮೇಲೆ ಕಸ ಕೂತು ಅದರ ಸುತ್ತ ಬಿಳಿ ಉಂಗುರ ಮೂಡುತ್ತದೆ. ಯಾರಾದರೂ ಯಂತ್ರ ನಿಲ್ಲಿಸಿ ಒರೆಸುವ ತನಕ ಒಂದಷ್ಟು ಹಾಳೆಗಳಲ್ಲಿ ಅದು ಅಲ್ಲೇ ಇರುತ್ತದೆ. ಅದು ವೆರೈಟಿಯೋ ಫ್ರೀಕೋ ಅಂತ ಜಗಳ ಆಡುವವರಿದ್ದಾರೆ. ಆಡಲಿ.

ಬಹುಬಣ್ಣದ ಚೀಟಿಗಳಲ್ಲಿ ಒಂದು ಬಣ್ಣವೇ ಬಿಟ್ಟುಹೋಗುವುದು ಬ್ರಿಟನ್ನಿನ 1960ರ ದಶಕದ ವಿಶೇಷ. ಪೋಸ್ಟ್ ಆಫೀಸ್ ಟವರ್ ಉದ್ಘಾಟನೆಗೆ ತಂದ 1965ರ ಮೂರು ಪೆನ್ನಿ ಚೀಟಿಯಲ್ಲಿ ಟವರೇ ಇಲ್ಲದ ಪ್ರತಿಗಳಿವೆ. 1966ರ ಬ್ರಿಟಿಷ್ ತಂತ್ರಜ್ಞಾನದ ಚೀಟಿಯಲ್ಲಿ ಕೆಂಪು ಬಿಟ್ಟುಹೋಗಿ ಮಿನಿ ಕಾರುಗಳು ಮಾಯವಾಗಿವೆ.

ನಗಬೇಕು ಅನ್ನಿಸಿದಾಗ ನಾನು ನೋಡುವುದು ಬ್ರಿಟಿಷ್ ಭಾರತದ ಓವರ್‌ಪ್ರಿಂಟ್‌ಗಳನ್ನು. ಕೆಲವು ಸಂಸ್ಥಾನಗಳಿಗೆ ಸರ್ಕಾರ ತನ್ನ ಚೀಟಿಗಳ ಮೇಲೇ ಸಂಸ್ಥಾನದ ಹೆಸರು ಅಚ್ಚು ಹಾಕಿ ಕೊಡುತ್ತಿತ್ತು. ಅಚ್ಚುಮೊಳೆ ಜೋಡಿಸುವವನ ಕೈಯಲ್ಲಿ ಚಂಬಾ 'ಚ್ಮಾಬಾ' ಆಯಿತು. ಪಟಿಯಾಲಾ 'ಔಟಿಯಾಲಾ' ಅಂತ ಓದುವ ಹಾಗಾಯಿತು. 1921ರಲ್ಲಿ ಒಂದಾಣೆ ಚೀಟಿಯನ್ನು ಒಂಬತ್ತು ಪೈಗೆ ಇಳಿಸಿದರು. ಆಗ 'ನೈನ್ ಪೈಸ್' ಅಂತ ಇರಬೇಕಾದ ಕಡೆ 'ನೈನ್ ನೈನ್' ಅಂತಲೂ 'ಪೈಸ್ ಪೈಸ್' ಅಂತಲೂ ಬಂತು. ಇವು ಕೈಯಲ್ಲಿ ಜೋಡಿಸಿದ ಮೊಳೆಗಳ ತಪ್ಪು. ಯಾರಾದರೂ ಕಂಡು ತಿದ್ದುವ ತನಕ ಹಾಳೆಯ ಅದೇ ಜಾಗದಲ್ಲಿ ಬರುತ್ತಿದ್ದವು.

ದುಡ್ಡಿನ ವಿಷಯ ಬಂದಲ್ಲೆಲ್ಲ ನಕಲಿಯೂ ಬರುತ್ತದೆ. ಬಣ್ಣ ಬಿಟ್ಟುಹೋದ ಚೀಟಿ ಬೇಕಾ? ಕೆಲವು ಹಳದಿಗಳು ಬಿಸಿಲಿಗೆ, ಕೆಲವು ಬಣ್ಣಗಳು ರಾಸಾಯನಿಕಕ್ಕೆ ಸದ್ದಿಲ್ಲದೆ ಹೋಗಿಬಿಡುತ್ತವೆ. ತೂತಿಲ್ಲದ ಚೀಟಿ ಬೇಕಾ? ಅಂಚು ಅಗಲ ಇರುವ ಒಂದನ್ನು ತೆಗೆದುಕೊಂಡು ಹಲ್ಲುಗಳನ್ನು ಕತ್ತರಿಸಿದರೆ ಆಯಿತು. ಅದಕ್ಕೇ ತೂತಿಲ್ಲದ್ದು ಅಂತ ಒಂಟಿ ಚೀಟಿ ತೋರಿಸಿದರೆ ಅನುಭವ ಇರುವವರು ಮುಖ ತಿರುಗಿಸುತ್ತಾರೆ. ಜೋಡಿ ಇರಬೇಕು, ಎರಡರ ನಡುವೆ ತೂತು ಇರಬಾರದು. ಬಿಟ್ಟುಹೋದ ಬಣ್ಣದ ಕುರುಹು ಚೂರಾದರೂ ಉಳಿದಿದೆಯಾ ಅಂತ ದೀಪ, ಅತಿನೇರಳೆ ಬೆಳಕು, ಸೂಕ್ಷ್ಮದರ್ಶಕ ಹಾಕಿ ನೋಡಬೇಕು. 1869ರಲ್ಲಿ ಶುರುವಾದ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಸಂಸ್ಥೆಗಳ ಪರಿಣತರು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ದೊಡ್ಡ ಬೆಲೆಯ ಎರರ್‌ಗೆ ಆ ಕಾಗದ ಇಲ್ಲದಿದ್ದರೆ ನಾನಂತೂ ಹತ್ತಿರ ಹೋಗುವುದಿಲ್ಲ.

ಇದಕ್ಕಿಂತ ಗೊಂದಲದ ಪ್ರಶ್ನೆ ಇನ್ನೊಂದು. ತಪ್ಪು ಅಸಲಿ, ಆದರೆ ಅದು ಹೊರಗೆ ಬಂದದ್ದು ಹೇಗೆ? ಅಚ್ಚಿನ ಮನೆಯಲ್ಲಿ ದಿನವೂ ತಪ್ಪು ಹಾಳೆಗಳು ಹುಟ್ಟುತ್ತವೆ. ಅವನ್ನು ಹಿಡಿದು ನಾಶ ಮಾಡುತ್ತಾರೆ. ಕಣ್ತಪ್ಪಿ ಕೌಂಟರಿಗೆ ಬಂದು, ಮುಖಬೆಲೆಗೆ ಮಾರಾಟವಾದರೆ ಮಾತ್ರ ಅದಕ್ಕೆ ಗೌರವ. ಅಮೆರಿಕದ 32 ಸೆಂಟಿನ ನಿಕ್ಸನ್ ಚೀಟಿಯಲ್ಲಿ ಹೆಸರು ತಲೆಕೆಳಗಾದ ಪ್ರತಿಗಳು 1996ರಲ್ಲಿ ದೊಡ್ಡ ಹರಾಜಿಗೆ ಬಂದವು. ಆಮೇಲೆ ನೋಡಿದರೆ ಅವು ಮುದ್ರಣಾಲಯದ ರದ್ದಿಯಿಂದ ಕದ್ದು ತಂದವು. ಚೀಟಿ ಅದೇ, ತಪ್ಪೂ ಅದೇ, ಆದರೆ ಮರ್ಯಾದೆ ಹೋಯಿತು. ನನಗೆ ಇದು ಸರಿ ಅನ್ನಿಸುತ್ತದೆ. ರದ್ದಿಯಲ್ಲಿ ಸಿಗುವುದಕ್ಕೆಲ್ಲ ಬೆಲೆ ಕಟ್ಟುತ್ತಾ ಹೋದರೆ ಕೊನೆ ಎಲ್ಲಿ?

ಸರ್ಕಾರವೇ ತಪ್ಪು ಮಾಡಿದರೆ? 1962ರಲ್ಲಿ ಅದೂ ಆಯಿತು. ವಿಮಾನ ಅಪಘಾತದಲ್ಲಿ ತೀರಿಕೊಂಡ ವಿಶ್ವಸಂಸ್ಥೆಯ ಡಾಗ್ ಹ್ಯಾಮರ್‌ಷೋಲ್ಡ್ ನೆನಪಿಗೆ ಅಮೆರಿಕ ನಾಲ್ಕು ಸೆಂಟಿನ ಚೀಟಿ ತಂದಿತು. ನ್ಯೂಜೆರ್ಸಿಯ ಆಭರಣ ವ್ಯಾಪಾರಿ ಲಿಯೊನಾರ್ಡ್ ಶೆರ್ಮನ್ ಕೊಂಡ ಐವತ್ತು ಚೀಟಿಗಳ ಹಾಳೆಯಲ್ಲಿ ಹಿನ್ನೆಲೆಯ ಹಳದಿ ತಲೆಕೆಳಗಾಗಿತ್ತು. ಹಳದಿ ಬರೀ ಹಿನ್ನೆಲೆ, ಸುಮ್ನೆ ನೋಡಿದರೆ ಗೊತ್ತೂ ಆಗುವುದಿಲ್ಲ. ಅವರು ಖುಷಿಯಿಂದ ಪತ್ರಿಕೆಗೆ ಹೇಳಿದರು. ಅಂಚೆಯ ಮುಖ್ಯಸ್ಥ ಎಡ್ವರ್ಡ್ ಡೇ ಏನು ಮಾಡಿದರು ಗೊತ್ತಾ? ಅದೇ ತಪ್ಪನ್ನು ಬೇಕಂತಲೇ ಮತ್ತೆ ಅಚ್ಚು ಹಾಕಿಸಿದರು, 4 ಕೋಟಿ ಪ್ರತಿ. ಯಾರೋ ಒಬ್ಬರಿಗೆ ಲಾಟರಿ ಹೊಡೆಯುವುದು ಬೇಡ ಅಂತ. ಶೆರ್ಮನ್ ಕೋರ್ಟಿಗೆ ಹೋದರೂ ಅಷ್ಟರಲ್ಲಿ ಹೊಸ ಚೀಟಿಗಳು ಹೊರಬಂದಿದ್ದವು. ಮುಂದೆ ಅವರು ತಮ್ಮ ಹಾಳೆಯನ್ನು ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಗೆ ದಾನ ಕೊಟ್ಟರು.

ಡೇ ಅವರ ವಾದ ನನಗೆ ಅರ್ಥ ಆಗುತ್ತದೆ, ಒಪ್ಪಿಗೆ ಆಗುವುದಿಲ್ಲ. ಬೇಕಂತ ಮಾಡಿದ್ದು ತಪ್ಪು ಹೇಗಾಗುತ್ತದೆ? ಅದು ಇನ್ನೊಂದು ವಿನ್ಯಾಸ, ಅಷ್ಟೇ. ಈಗ ಆ ತಪ್ಪು ಚೀಟಿ ಬೇಕಾದಷ್ಟು ಸಿಗುತ್ತದೆ, ಯಾರಿಗೂ ಬೇಡ. ಲಕೋಟೆಯ ಮೇಲೆ ಅಂಟಿರುವ ಒಂದು ಪ್ರತಿ ಮೊದಲ ಮುದ್ರಣದ್ದು ಅಂತ ಹೇಳಬೇಕಾದರೆ, ಮರುಮುದ್ರಣಕ್ಕಿಂತ ಹಿಂದಿನ ತಾರೀಕಿನ ಮೊಹರು ಬೇಕು. 2013ರಲ್ಲಿ ಅಮೆರಿಕದ ಅಂಚೆ ಇದನ್ನೇ ಉಲ್ಟಾ ಮಾಡಿತು. ತಲೆಕೆಳಗಾದ ಜೆನ್ನಿಯ ಎರಡು ಡಾಲರ್ ಚೀಟಿಗಳನ್ನು ತಂದು, ಅವುಗಳ ನಡುವೆ ವಿಮಾನ ನೆಟ್ಟಗಿರುವ ನೂರು ಹಾಳೆಗಳನ್ನು ಬಚ್ಚಿಟ್ಟಿತು. ಹುಡುಕಿ ಅಂತ. ಜನ ಹುಡುಕಿದರು. ನನಗೆ ಅದು ಚೀಟಿಯ ವ್ಯವಹಾರ ಅನ್ನಿಸಲಿಲ್ಲ, ಬಿಸ್ಕತ್ ಪೊಟ್ಟಣದೊಳಗಿನ ಬಹುಮಾನದ ಕೂಪನ್ ಅನ್ನಿಸಿತು.

ವಿನ್ಯಾಸದ ತಪ್ಪುಗಳ ಬಗ್ಗೆ ಎರಡು ಮಾತು ಸಾಕು. 1903ರ ಸೇಂಟ್ ಕಿಟ್ಸ್ ಚೀಟಿಯಲ್ಲಿ ಕೊಲಂಬಸ್ ದೂರದರ್ಶಕ ಹಿಡಿದಿದ್ದಾನೆ. ಅವನ ಕಾಲಕ್ಕೆ ದೂರದರ್ಶಕ ಹುಟ್ಟಿರಲೇ ಇಲ್ಲ. ಪೂರ್ವ ಜರ್ಮನಿ 1956ರಲ್ಲಿ ಶೂಮನ್ ಚಿತ್ರದ ಹಿಂದೆ ಶೂಬರ್ಟ್‌ನ ಸಂಗೀತ ಹಾಕಿ, ಆಮೇಲೆ ತಿದ್ದಿ ಇನ್ನೊಂದು ತಂದಿತು. ಫಿಜಿಯ 1938ರ ಚೀಟಿಯಲ್ಲಿ ದೋಣಿ ಜೋರಾಗಿ ಓಡುತ್ತಿದೆ, ಒಳಗೆ ಯಾರೂ ಇಲ್ಲ. ಮುಂದಿನ ಮುದ್ರಣದಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದರು. ಓದಲು ಮಜಾ. ಆದರೆ ಇಲ್ಲಿ ಕೋಟಿ ಚೀಟಿ ಇದ್ದರೆ ಕೋಟಿಯಲ್ಲೂ ಅದೇ ತಪ್ಪು. ಭೂತಗನ್ನಡಿಗೆ ಕೆಲಸವೇ ಇಲ್ಲ.

ತಪ್ಪೇ ಅಲ್ಲದ ತಪ್ಪು ಒಂದಿದೆ, ಅದನ್ನು ಹೇಳದೆ ಬಿಟ್ಟರೆ ಮನಸ್ಸು ಕೇಳುವುದಿಲ್ಲ. ಮಾರಿಷಸ್‌ನಲ್ಲಿ 1847ರಲ್ಲಿ ಜೋಸೆಫ್ ಬರ್ನಾರ್ಡ್ ಅನ್ನುವ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ಎರಡು ಚೀಟಿ ಕೆತ್ತಿದ. ಒಂದು ಪೆನ್ನಿಯದ್ದು ಮತ್ತು ಎರಡು ಪೆನ್ನಿಯದ್ದು. ಒಂದೊಂದರಲ್ಲಿ 500 ಪ್ರತಿ ಅಚ್ಚಾದವು. ಎಡಬದಿಯಲ್ಲಿ 'ಪೋಸ್ಟ್ ಆಫೀಸ್' ಅಂತಿದೆ, ಮರುವರ್ಷದ ಚೀಟಿಗಳಲ್ಲಿ 'ಪೋಸ್ಟ್ ಪೇಯ್ಡ್'. ಇಷ್ಟು ಸಾಕಾಯಿತು, ಕತೆ ಹುಟ್ಟಿತು. ಬರ್ನಾರ್ಡ್‌ಗೆ ಏನು ಕೆತ್ತಬೇಕು ಅನ್ನುವುದು ಮರೆತುಹೋಯಿತಂತೆ. ಕೇಳೋಣ ಅಂತ ಹೊರಟಾಗ ಅಂಚೆ ಕಚೇರಿಯ ಬೋರ್ಡು ಕಂಡಿತಂತೆ. ಅದನ್ನೇ ಕೆತ್ತಿದನಂತೆ. ಎಷ್ಟು ಚೆಂದದ ಕತೆ ಅಂದರೆ ಯಾರಿಗೂ ಪರೀಕ್ಷೆ ಮಾಡುವ ಮನಸ್ಸೇ ಬರಲಿಲ್ಲ. ಆದರೆ ಅದೇ 1847ರಲ್ಲಿ ಅಮೆರಿಕ ತಂದ ಮೊದಲ ಚೀಟಿಗಳ ಮೇಲೂ 'ಪೋಸ್ಟ್ ಆಫೀಸ್' ಅಂತಲೇ ಇದೆ. ಮಾರಿಷಸ್‌ನ ಅಂಚೆ ಮೊಹರಿನಲ್ಲೂ ಅದೇ ಮಾತಿತ್ತು. ಆ ಕಾಲಕ್ಕೆ ಅದು ಸಹಜವಾದ ಬರಹ. ಬರ್ನಾರ್ಡ್ ತನಗೆ ಹೇಳಿದ ಕೆಲಸ ಮಾಡಿದ್ದ.

ಈಗ ಎರಡೂ ಸೇರಿ ಇಪ್ಪತ್ತೇಳರಷ್ಟು ಮಾತ್ರ ಉಳಿದಿವೆ. ಕೆಲವು ರಾಜ್ಯಪಾಲರ ಹೆಂಡತಿ ಲೇಡಿ ಗೋಮ್ ಅವರ ನೃತ್ಯಕೂಟದ ಆಮಂತ್ರಣದ ಮೇಲೆ ಅಂಟಿಕೊಂಡು ಹೋದವು. ತಪ್ಪಿನ ಕತೆ ಬಿದ್ದುಹೋದ ಮೇಲೂ ಬೆಲೆ ಒಂದು ಬಿಡಿಗಾಸೂ ಇಳಿಯಲಿಲ್ಲ. 2016ರಲ್ಲಿ ಆ ತಾಮ್ರದ ತಗಡೇ ಹರಾಜಿಗೆ ಬಂತು. ಚೀಟಿಯನ್ನಲ್ಲ, ಅಚ್ಚನ್ನೇ ಕೊಳ್ಳುವ ಅವಕಾಶ. ದುಡ್ಡಿದ್ದಿದ್ದರೆ ನಾನೂ ಕೈ ಎತ್ತುತ್ತಿದ್ದೆ.